ಕುದುರೆ ದೊರೆಯ ಎಡಗೆನ್ನೆ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಹೇಳತೊಡಗಿದರೆ ಮರ್ಯಾದೆಗೆ ಒಂದು ನಗು ಮುಖದ ಮೇಲಿಟ್ಟುಕೊಂಡು, ಒಳಗೊಳಗೇ ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ದೆವ್ವದ ಕಥೆ ಹೇಳಿದ ಹುಡುಗಿಯರನ್ನು ಅಲ್ಲಿಯ ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸುಳ್ಳು ಹೇಳಿದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ. ಹಾಗಾಗಿ ನಾಲ್ಕು ವರ್ಷದ ಹಿಂದೆ, ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಮನೆಯ ಗೆಸ್ಟ್ ರೂಮಿನಲ್ಲಿ, ಹಾಡುಹಗಲು ನಡೆದದ್ದನ್ನು ಬರೆಯಲು ಇಷ್ಟು ದಿನ ಹಿಂಜರಿದೆ. ನೀವು ನಂಬಲೇಬೇಕು ಎಂದು ನಾನು ಕೇಳುವುದಿಲ್ಲ. ನಡೆದದ್ದು ವಿಚಿತ್ರವೋ ಅಲ್ಲವೋ, ಒಬ್ಬ ಮುದುಕಿಗೆ ನನ್ನಿಂದ ಆದ ಅನ್ಯಾಯವಂತೂ ನಿಜ. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಆ ಫೋಟೋದ ವಿಷಯ ಹೇಳಬೇಕು. ನನ್ನ ತವರಿನಲ್ಲಿ, ಹಿರಿಯರ ಫೋಟೋಗಳ ಸಾಲಿನ ಕೊನೆಯಲ್ಲಿ, ಒಬ್ಬ ಬಿಳಿಯನ ಫೋಟೋ ಇತ್ತು. ಎದೆಯವರೆಗಿನ ಚಿತ್ರ. ಪಕ್ಕದಲ್ಲಿ ಒಂದು ಕುದುರೆಯ ಮುಖ. ಆತ ಯುದ್ಧದ ಕೋಟು ತೊಟ್ಟಿದ್ದಾನೆ, ಟೊಪ್ಪಿಗೆಯಿಲ್ಲ, ಕೂದಲು ಹಿಂದಕ್ಕೆ ಬಾಚಿದೆ. ನಗುತ್ತಿಲ್ಲ, ಆದರೆ ಕುದುರೆಯ ಕಿವಿ ತನ್ನ ಕಿವಿಗೆ ತಾಗಿದ್ದು ಇಷ್ಟವಾದವನಂತೆ ತಲೆಯನ್ನು ಒಂದಿಷ್ಟು ಆ ಕಡೆ ವಾಲಿಸಿದ್ದಾನೆ. ಕೆನ್ನೆಯ ಮೇಲೆ ಒಂದು ಹಳೆಯ ಗಾಯದ ಗೆರೆ. ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ಕುದುರೆ ದೊರೆ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಅವನೂ ನಮ್ಮ ಅಜ್ಜಂದಿರಲ್ಲಿ ಒಬ್ಬನೆಂದೇ ತಿಳಿದು, ಶಾಲೆಯಲ್ಲಿ ಹಾಗೆಂದು ಹೇಳಿ, ಇಡೀ ಕ್ಲಾಸಿನ ಮುಂದೆ ನಗೆಪಾಟಲಾಗಿದ್ದೆ.

ನನ್ನ ಮುತ್ತಜ್ಜ ಮಹಾರಾಜರ ಕುದುರೆ ಪಡೆಯಲ್ಲಿ ದಫೇದಾರರಾಗಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಹಡಗು ಹತ್ತಿ ಪ್ಯಾಲೆಸ್ಟೈನಿನ ಕಡೆ ತುರ್ಕರ ಮೇಲೆ ಹೋದವರು. ತುರ್ಕರ ಜೊತೆ ಕೆಲವು ಜರ್ಮನ್ ಅಧಿಕಾರಿಗಳೂ ಇದ್ದರಂತೆ. ಅಂಥ ಒಬ್ಬನನ್ನು ಮುತ್ತಜ್ಜ ಭರ್ಜಿಯಿಂದ ಇರಿದು ಕೊಂದರು. ಆಮೇಲೆ ಅವನ ಜೇಬಿನಲ್ಲಿ ಈ ಫೋಟೋ ಸಿಕ್ಕಿತು. ಅದನ್ನು ಯಾಕೆ ತಂದರು, ಏನೆಂದುಕೊಂಡು ತಂದರು, ಯಾರಿಗೂ ಹೇಳಲಿಲ್ಲ. ಊರಿಗೆ ಬಂದ ವರ್ಷವೇ ಕಟ್ಟು ಹಾಕಿಸಿ ಹಿರಿಯರ ಸಾಲಿನಲ್ಲಿ ಇಟ್ಟರು. ಪಿತೃಪಕ್ಷದಲ್ಲಿ ನಮ್ಮವರು ಎಡೆ ಇಡುವಾಗ ಸಾಲಿನ ತುದಿಗೆ ಅವನಿಗೂ ಒಂದು ಎಲೆ ಹಾಕಿಸಿದರು. ಬೇಕರಿಯ ಬನ್ನು, ಬೇಯಿಸಿದ ಮೊಟ್ಟೆ, ಒಂದು ಲೋಟ ಬ್ರಾಂದಿ. ಸಾಯುವಾಗ ಆಸ್ತಿಯ ಮಾತು ಆಡಲಿಲ್ಲವಂತೆ, "ಅವನ ಎಡೆ ತಪ್ಪಿಸಬೇಡಿ" ಎಂದಷ್ಟೇ ಹೇಳಿದರಂತೆ.

ಅಮ್ಮ ತೀರಿಕೊಂಡ ಮೇಲೆ ನನ್ನ ತಮ್ಮ ಹೊಸ ಫ್ಲ್ಯಾಟಿಗೆ ಹೋದ. "ಅಕ್ಕ, ಹಿರಿಯರದ್ದೆಲ್ಲ ನಾನು ನೋಡ್ಕೊತೀನಿ. ಈ ಬಿಳಿಯಪ್ಪನ್ನ ಮಾತ್ರ ನೀನು ತಗೊಂಡ್ ಹೋಗ್ಬಿಡು. ಹೆಂಗೂ ಬಿಳಿಯರ ದೇಶದಲ್ಲೇ ಇದ್ದೀಯ" ಎಂದ. ಹೀಗೆ ಕುದುರೆ ದೊರೆ ನನ್ನ ಸೀರೆಗಳ ನಡುವೆ ಮಲಗಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಮದುವೆಯಾದ ಹೆಣ್ಣು ತವರಿನ ಎಡೆ ಇಡುವ ರೂಢಿ ನಮ್ಮಲ್ಲಿಲ್ಲ. ಆದರೆ ಇವನಿಗೆ ಇನ್ನು ಯಾರೂ ಇರಲಿಲ್ಲ. ನಮ್ಮ ಜೊತೆಗಿರುವ ಅತ್ತೆ ಮೊದಲ ವರ್ಷ ಬಾಗಿಲಲ್ಲಿ ನಿಂತು ನೋಡಿ, "ನಿಮ್ಮನೆ ಪಕ್ಷ, ನಮ್ಮನೆ ರೂಮು. ಇಡವ್ವ, ಇಡು. ಬಂದೋನು ಹೋಗ್ದೆ ಇಲ್ಲೇ ಬಾಡಿಗೆಗೆ ಕೂತಾನು" ಎಂದಿದ್ದರು. ಆದರೂ ಮೊಟ್ಟೆ ಬೇಯಿಸಿ ಸಿಪ್ಪೆ ಬಿಡಿಸಿಕೊಟ್ಟವರು ಅವರೇ.

ಫೋಟೋಕ್ಕೆ ಗಂಧದ ಹಾರವಿತ್ತು. ಗಂಧದ ಹೊಟ್ಟಿನ ಸುರುಳಿಗಳನ್ನು ಪೋಣಿಸಿ, ಮಧ್ಯೆ ಜರಿ ಸುತ್ತಿದ ದಪ್ಪ ಹಾರ. ಅದು ಅವನ ಕೊರಳಿನಿಂದ ಕೆಳಗೆ ಎದೆಯನ್ನೆಲ್ಲ ಮುಚ್ಚುತ್ತಿತ್ತು. ಹಿರಿಯರ ಫೋಟೋದ ಹಾರವನ್ನು ಮನಸ್ಸು ಬಂದಾಗ ತೆಗೆಯಬಾರದು. ವರ್ಷಕ್ಕೊಮ್ಮೆ ಪಕ್ಷದ ದಿನ ತೆಗೆದು, ಗಾಜು ಒರೆಸಿ, ಎಡೆ ಮುಗಿಯುವವರೆಗೆ ಒಂದೇ ಒಂದು ಸೇವಂತಿಗೆಯನ್ನು ಕಟ್ಟಿನ ಮೇಲಿಟ್ಟು, ಆಮೇಲೆ ಮತ್ತೆ ಹಾರ ಹಾಕಬೇಕು. ಅಮ್ಮ ಮಾಡುತ್ತಿದ್ದದ್ದು ಹಾಗೆ, ನಾನೂ ಹಾಗೆಯೇ ಮಾಡುತ್ತಿದ್ದೆ. ಈ ಹಾರದ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ.

ಆ ವರ್ಷ ಬೇಸಿಗೆಯಲ್ಲಿ ನಮ್ಮ ಲೈಬ್ರರಿಯಲ್ಲಿ ಒಂದು ಬೋರ್ಡು ನೋಡಿದೆ. ಹಳೆಯ ಫೋಟೋ, ಕಾಗದ ತಂದರೆ ನಿಮ್ಮ ವಂಶದವರನ್ನು ಹುಡುಕಲು ನೆರವಾಗುತ್ತೇವೆ ಎಂದು. ವಂಶದವನಲ್ಲದವನನ್ನೂ ಹುಡುಕಿಕೊಡುತ್ತಾರೆಯೇ ಎಂದು ಕೇಳಲು ಹೋದೆ. ಅಲ್ಲಿ ಕೂತಿದ್ದವರು ಡೀಟರ್ ಎಂಬ ಜರ್ಮನ್ ಮೂಲದ ಹಿರಿಯರು. ಕೆಲಸದಿಂದ ನಿವೃತ್ತರಾಗಿ, ಕೊಲ್ಲಿಯ ಆಚೆಯ ರೆಡ್‌ವುಡ್ ಸಿಟಿಯಿಂದ ಸೇತುವೆ ದಾಟಿ ವಾರಕ್ಕೊಮ್ಮೆ ಉಚಿತ ಸೇವೆಗೆ ಬರುತ್ತಿದ್ದರು. ಹಳೆಯ ಸೈನ್ಯದ ಉಡುಪುಗಳೆಂದರೆ ಅವರಿಗೆ ಪ್ರಾಣ. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ನನ್ನ ನೆನಪಿನಲ್ಲಿ ಉಳಿದಿರುವುದು ಕನ್ನಡದಲ್ಲಿ.

ಫೋಟೋ ನೋಡಿದ ತಕ್ಷಣ ಅವರು, "ಈ ಹಾರವನ್ನು ಸ್ವಲ್ಪ ತೆಗೆಯಬಹುದೇ?" ಎಂದರು.

"ತೆಗೆಯುವ ಹಾಗಿಲ್ಲ. ಬೇಕಾದಷ್ಟು ಸರಿಸುತ್ತೇನೆ" ಎಂದೆ.

ನಾನು ಎರಡು ಬೆರಳಿನಿಂದ ಹಾರ ಸರಿಸಿ ಕಾಲರು ತೋರಿಸಿದೆ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು. ಅವರು ಭೂತಗನ್ನಡಿ ಹಿಡಿದು ನೋಡಿ, ಭುಜಪಟ್ಟಿಯ ಮೇಲಿನ ನಕ್ಷತ್ರಗಳನ್ನು ಎಣಿಸಿ, ಇವನು ಜರ್ಮನ್ ಕುದುರೆ ಪಡೆಯ ಕ್ಯಾಪ್ಟನ್ ದರ್ಜೆಯವನು ಎಂದರು. ಕಟ್ಟಿನ ಹಿಂಬದಿಯ ರಟ್ಟು ಬಿಚ್ಚಿದೆವು. ಅದು ಬರೀ ಫೋಟೋ ಆಗಿರಲಿಲ್ಲ. ಹಿಂಭಾಗದಲ್ಲಿ ಪೋಸ್ಟ್‌ಕಾರ್ಡಿನ ಗೆರೆಗಳಿದ್ದವು. ಆಗ ಹಾಗೆ ಫೋಟೋವನ್ನೇ ಕಾರ್ಡು ಮಾಡಿ ಮನೆಗೆ ಕಳಿಸುತ್ತಿದ್ದರಂತೆ. ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದಿತ್ತು. ಯಾವ ಕಾಲದಲ್ಲೋ ಒದ್ದೆಯಾಗಿ ಅಳಿಸಿತ್ತು. ಡೀಟರ್ ಎಷ್ಟು ತಿಣುಕಿದರೂ ಓದಲಾದದ್ದು ಎರಡೇ ಪದ: 'ಪ್ರೀತಿಯ' ಮತ್ತು 'ಬೇಗ'. ವಿಳಾಸದ ಜಾಗದಲ್ಲಿ ಹ್ಯಾನೋವರ್ ಎಂಬ ಊರಿನ ಹೆಸರು ಮಾತ್ರ ಮಸುಕಾಗಿ ಉಳಿದಿತ್ತು. ಅಂಚೆಯ ಮುದ್ರೆ ಇರಲಿಲ್ಲ.

ಯಾರಿಗೋ ತಲುಪಬೇಕಿದ್ದ ಕಾಗದಕ್ಕೆ ನಾವು ನೂರು ವರ್ಷ ಹಾರ ಹಾಕಿ ಕೂತಿದ್ದೆವು.

ಡೀಟರ್ ಆಗಲೇ ಹಿಲ್ಡಾ ಅವರ ವಿಷಯ ಹೇಳಿದ್ದು. ಸಾಂಟಾ ಕ್ಲಾರಾದ ಒಂದು ವೃದ್ಧಾಶ್ರಮದಲ್ಲಿ ಎಂಬತ್ತೆಂಟು ವರ್ಷದ ಹಿಲ್ಡಾ ಎಂಬವರಿದ್ದರು. ಹ್ಯಾನೋವರಿನಲ್ಲಿ ಹುಟ್ಟಿದವರು. ಅವರ ಅಜ್ಜ ಕುದುರೆ ಪಡೆಯ ಅಧಿಕಾರಿ, ಪ್ಯಾಲೆಸ್ಟೈನಿಗೆ ಹೋದವನು ಹೋದವನೇ. ಮಡಿದ ಎಂಬ ಕಾಗದವೂ ಬರಲಿಲ್ಲ, ದೇಹವೂ ಬರಲಿಲ್ಲ. ಮನೆಯಲ್ಲಿದ್ದ ಅವನ ಫೋಟೋಗಳೆಲ್ಲ ಎರಡನೆಯ ಯುದ್ಧದ ಬಾಂಬಿನಲ್ಲಿ ಮನೆಯ ಸಮೇತ ಸುಟ್ಟುಹೋದವು. ಅಜ್ಜಿ ಮಾತ್ರ, ಕಾಣೆಯಾದವನು ಬರಬಹುದೆಂದು ಸಾಯುವವರೆಗೆ ಊಟದ ಮೇಜಿನಲ್ಲಿ ಅವನ ಕುರ್ಚಿಗೆ ಯಾರನ್ನೂ ಕೂರಿಸಲಿಲ್ಲವಂತೆ. ಜರ್ಮನ್ನರು ಸೇರುವ ಊಟಗಳಲ್ಲಿ ಹಿಲ್ಡಾ ಈ ಕಥೆ ಹೇಳುವುದನ್ನು ಡೀಟರ್ ಎಷ್ಟೋ ಸಲ ಕೇಳಿದ್ದರು. ಇದು ಕಾಕತಾಳೀಯವೆಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಆದರೆ ಡೀಟರ್ ಹೇಳಿದರು: ಜರ್ಮನ್ ಕುದುರೆ ಅಧಿಕಾರಿಗಳು ಅಷ್ಟು ದೂರ ಹೋದದ್ದೇ ಕೆಲವರು, ಅದರಲ್ಲೂ ಹ್ಯಾನೋವರಿನವರು ಇನ್ನೂ ಕಡಿಮೆ.

"ನೋಡಿ ಬರೋಣ. ಅವರಿಗೆ ಬೇಕಿರುವುದು ಅವನ ಮುಖ, ಅಷ್ಟೇ. ಫೋಟೋಗಳು ಸುಟ್ಟಾಗ ಇವರು ಚಿಕ್ಕ ಹುಡುಗಿ, ಆ ಮುಖ ಈಗ ನೆನಪಿನಲ್ಲೂ ಉಳಿದಿಲ್ಲ" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ಹೋಗಿ ಬಾ. ಇವ್ರೇ ನಿಮ್ಮಜ್ಜ ಅಂತ ಹೇಳ್ಬಿಡು, ಮುಗೀತು. ಆ ವಯಸ್ಸಲ್ಲಿ ಯಾರು ಡಿಎನ್‌ಎ ಟೆಸ್ಟ್ ಮಾಡ್ಸಕ್ಕೆ ಹೋಗ್ತಾರೆ?" ಎಂದರು. ಅತ್ತೆ ಮಾತ್ರ ತುತ್ತು ನಿಲ್ಲಿಸಿ ಕೇಳಿದರು, "ಅಲ್ಲ ಕಣೆ, ಕೊಂದೋರು ಯಾರು ಅಂತ ಕೇಳಿದ್ರೆ ಏನಂತೀಯ?"

ನನಗೆ ಅದುವರೆಗೂ ಅದು ಹೊಳೆದಿರಲಿಲ್ಲ. ಆಮೇಲೆ ಅದು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಸಾಂಟಾ ಕ್ಲಾರಾಕ್ಕೆ ನಾನು ಹೋದದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಡೀಟರ್ ಆಗಲೇ ಬಂದಿದ್ದರು. ಹಿಲ್ಡಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಬ್ಲೌಸು ತೊಟ್ಟು, ಕೊರಳಿಗೆ ಒಂದು ಬೆಳ್ಳಿಯ ಪಿನ್ನು ಚುಚ್ಚಿ ಕೂತಿದ್ದರು. ಕೈಗೆ ಅವರೇ ಕ್ರೀಮು ಹಚ್ಚಿಕೊಂಡಿದ್ದರು, ಬೆರಳ ಸಂದಿಯಲ್ಲಿ ಇನ್ನೂ ಬೆಳ್ಳಗೆ ಉಳಿದಿತ್ತು. ಹೆಣ್ಣು ನೋಡಲು ಬರುವವರಿಗಾಗಿ ಕಾದ ಹಾಗೆ ಕಾದಿದ್ದರು. ಹತ್ತಿರ ಹೋದಾಗ ಗೊತ್ತಾಯಿತು, ಅವರು ನನ್ನ ಮುಖವನ್ನು ನೋಡುತ್ತಿರಲಿಲ್ಲ, ಕಿವಿಯ ಪಕ್ಕ ನೋಡುತ್ತಿದ್ದರು. ಕಣ್ಣಿನ ನಡುಭಾಗ ಪೂರ್ತಿ ಹೋಗಿತ್ತಂತೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು, ಬಣ್ಣ. ಎದುರಿಗೆ ಇಟ್ಟದ್ದೇ ಕಾಣುವುದಿಲ್ಲ.

ಫೋಟೋವನ್ನು ಅವರ ತೊಡೆಯ ಮೇಲಿಟ್ಟೆ. ಅವರು ಗಾಜನ್ನು ಮುಟ್ಟಲಿಲ್ಲ, ಮೊದಲು ಹಾರವನ್ನು ಮುಟ್ಟಿದರು. ಬೆರಳು ಮೂಗಿಗೆ ಹಿಡಿದರು.

"ಇದೇನು ಪರಿಮಳ?"

"ಗಂಧ. ತೀರಿಕೊಂಡವರಿಗೆ ನಾವು ಹಾಕುವ ಹಾರ."

"ನಿಮ್ಮವನಲ್ಲದವನಿಗೂ?"

"ನಮ್ಮ ಮುತ್ತಜ್ಜ ಹಾಕಿದ್ದು. ಅಂದಿನಿಂದ ಹಾಕುತ್ತಾ ಬಂದಿದ್ದೇವೆ."

"ಅವರಿಗೆ ಇದು ಎಲ್ಲಿ ಸಿಕ್ಕಿತು?"

"ಯುದ್ಧದ ಬಯಲಿನಲ್ಲಿ" ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅತ್ತೆಯ ಪ್ರಶ್ನೆ ನನ್ನ ಬೆನ್ನಿಗೆ ಅಂಟಿಕೊಂಡೇ ಕೂತಿತ್ತು.

ಹಿಲ್ಡಾ ಹೇಳಿದರು, "ನನಗೆ ಕಾಣುವುದಿಲ್ಲ. ನೀನು ನೋಡಿ ಹೇಳು. ಡೀಟರ್ ಬೇಡ, ಅವನು ನನ್ನನ್ನು ಖುಷಿಪಡಿಸಲು ಹೌದೆನ್ನುತ್ತಾನೆ. ನಿನ್ನ ದನಿ ಸ್ಕೂಲಿನ ಹುಡುಗಿಯ ದನಿಯಂತಿದೆ, ನೀನು ನಿಜ ಹೇಳುತ್ತೀಯ. ಅವನ ಮುಖದಲ್ಲಿ ಗಾಯದ ಗೆರೆ ಇದೆಯೇ?"

"ಇದೆ" ಎಂದೆ. ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

"ಯಾವ ಕೆನ್ನೆ? ನಿಧಾನ ನೋಡು. ವಿದ್ಯಾರ್ಥಿಯಾಗಿದ್ದಾಗ ಕತ್ತಿವರಸೆಯಲ್ಲಿ ಆದ ಗಾಯ ಅದು, ಎಡಗೆನ್ನೆ. ಅಜ್ಜಿ ಹೇಳುತ್ತಿದ್ದಳು, ಎದುರಿಗೆ ನಿಂತರೆ ನನ್ನ ಬಲಗೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು ಅಂತ."

ನಾನು ನಿಧಾನವಾಗಿಯೇ ನೋಡಿದೆ. ಫೋಟೋದಲ್ಲಿ ನಮ್ಮ ಎಡ ಅವರ ಬಲ ಎಂಬುದನ್ನು ಮರೆಯುವಷ್ಟು ದಡ್ಡಿ ನಾನಲ್ಲ ಎಂಬ ಜಂಬ ಬೇರೆ. ಗೆರೆ ನನ್ನ ಎಡಕ್ಕಿತ್ತು. ಅಂದರೆ ಅವನ ಬಲಗೆನ್ನೆ. ಎರಡು ಸಲ ಸರಿನೋಡಿಕೊಂಡೆ. ಯಜಮಾನರು ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಗೆ ಬಂದು, ಹಾಗೇ ಹಿಂದಕ್ಕೆ ಹೋಯಿತು.

"ಬಲಗೆನ್ನೆ" ಎಂದೆ.

ಡೀಟರ್ ನನ್ನ ಕಡೆ ನೋಡಿದರು. ಹಿಲ್ಡಾ ನನ್ನ ಮಣಿಕಟ್ಟನ್ನು ಒಮ್ಮೆಲೇ ಬಿಡಲಿಲ್ಲ, ಬೆರಳುಗಳನ್ನು ಒಂದೊಂದಾಗಿ ತೆಗೆದುಕೊಂಡರು. "ಹಾಗಾದರೆ ಇವನು ಬೇರೆ ಯಾರದ್ದೋ ಅಜ್ಜ" ಎಂದು ನಕ್ಕರು. ಫೋಟೋವನ್ನು ನನ್ನ ಕಡೆ ಚಾಚಿ, "ತೆಗೆದುಕೊಂಡು ಹೋಗು ಮಗಳೇ. ಪಾಪ, ಇವನಿಗಾದರೂ ಹಾರ ಸಿಕ್ಕಿತು" ಎಂದರು. ಕಾಫಿ ತರಿಸಲೇ ಎಂದು ಕೇಳಿದರು. ಬೇಡವೆಂದೆ. ಹೊರಡುವಾಗ, ಏನಾದರೂ ಕೇಳಬೇಕೆಂದು, ನಿಮ್ಮ ಅಜ್ಜಿ ಎಂಥ ಬ್ರೆಡ್ಡು ಮಾಡುತ್ತಿದ್ದರು ಎಂದು ಕೇಳಿದೆ. ಕಪ್ಪಗಿನ ಹುಳಿ ಬ್ರೆಡ್ಡು, ದಪ್ಪಗೆ ಕುಯ್ಯಬೇಕು ಎಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಾಗ ನನಗೆ ದುಃಖವಾಗಲಿಲ್ಲ, ನಿರಾಳವಾಯಿತು. ಅವರ ಅಜ್ಜನಲ್ಲವಾದ್ದರಿಂದ, ಕೊಂದವರು ನಮ್ಮ ಮುತ್ತಜ್ಜ ಎಂದು ಹೇಳುವ ಕಷ್ಟ ತಪ್ಪಿತ್ತು. ಸತ್ಯ ಹೇಳಿದ ಹೆಮ್ಮೆಯಲ್ಲಿ ಫ್ರೀವೇ ಹಿಡಿದು ಮನೆಗೆ ಬಂದೆ. ಮನೆಯಲ್ಲಿ ಯಜಮಾನರು, "ಸ್ಟ್ರೇಂಜ್ ಹೆಂಗಸು ನೀನು, ಅಷ್ಟು ದೂರ ಹೋಗಿ ಇಲ್ಲ ಅಂತ ಹೇಳ್ಬಂದ್ಯಾ?" ಎಂದರು. ಅತ್ತೆ, "ಆ ಮುದುಕಿಗೆ ಒಂದು ಸುಳ್ಳು ಹಾಕಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದರು. ನನಗೆ ಸಿಟ್ಟು ಬಂತು. ಸುಳ್ಳು ಹೇಳದೆ ಇದ್ದದ್ದಕ್ಕೂ ಬೈಸಿಕೊಳ್ಳಬೇಕೇ ಎಂದುಕೊಂಡೆ.

ಸೆಪ್ಟೆಂಬರಿನ ಕೊನೆಗೆ ಪಕ್ಷ ಬಂತು. ಎಲ್ ಕಮೀನೊ ರಸ್ತೆಯ ಇಂಡಿಯನ್ ಅಂಗಡಿಯಿಂದ ಬಾಳೆಲೆ, ಸೇವಂತಿಗೆ ತಂದಿದ್ದೆ. ಆ ವರ್ಷ ಬನ್ನಿನ ಬದಲು, ಯಾಕೋ ಮನಸ್ಸು ತಡೆಯದೆ, ಕಪ್ಪು ಹುಳಿ ಬ್ರೆಡ್ಡು ತಂದು ದಪ್ಪಗೆ ಕುಯ್ದೆ. ಅಂದು ಕೆಲಸದ ದಿನ, ಯಜಮಾನರು ಆಫೀಸಿನಲ್ಲಿದ್ದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ಗೆಸ್ಟ್ ರೂಮು ಚಿಕ್ಕದು. ಬಾಗಿಲು ತೆಗೆದರೆ ಎದುರಿಗೆ ಗೋಡೆ, ಬಲಕ್ಕೆ ಗೋಡೆಯುದ್ದಕ್ಕೂ ಬಟ್ಟೆಯ ಕಪಾಟು. ಇಲ್ಲಿಯ ಎಷ್ಟೋ ಮನೆಗಳಲ್ಲಿರುವಂತೆ ಆ ಕಪಾಟಿನ ಜಾರುಬಾಗಿಲು ಪೂರ್ತಿ ಕನ್ನಡಿ. ಎದುರಿನ ಗೋಡೆಯ ಹತ್ತಿರ ಮಣೆ ಹಾಕಿ, ಅದರ ಮೇಲೆ ಫೋಟೋ ಇಟ್ಟೆ. ಕಟ್ಟಿನ ಹಿಂದೆ ಕಾಲಿದೆ, ತಾನೇ ನಿಲ್ಲುತ್ತದೆ. ಮುಖ ಬಾಗಿಲ ಕಡೆಗೆ. ಹಾರ ತೆಗೆದು, ಗಾಜು ಒರೆಸಿ, ಮೇಲೆ ಒಂದು ಸೇವಂತಿಗೆ ಇಟ್ಟೆ. ಮುಂದೆ ಎಲೆ. ಬ್ರೆಡ್ಡು, ಮೊಟ್ಟೆ, ಕೋಳಿ ಸಾರು. ಬ್ರಾಂದಿಯನ್ನು ಅತ್ತೆ ಲೋಟದ ಕಂಠದವರೆಗೂ ಸುರಿದಿದ್ದರು. "ಬಂದೋನು ಜಿಪುಣರ ಮನೆ ಅನ್ಕೋಬಾರ್ದು" ಎಂದು. ಹೊಗೆಗೆ ಅಲಾರ್ಮು ಕೂಗಿಕೊಳ್ಳುತ್ತದೆಂದು ಧೂಪದ ಬದಲು ಎರಡೇ ಊದುಬತ್ತಿ ಹಚ್ಚಿದೆ. ತಮ್ಮನಿಗೆ ಕಳಿಸಲು ಫೋನಿನಲ್ಲಿ ಒಂದು ಫೋಟೋ ತೆಗೆದೆ, ಪ್ರತಿ ವರ್ಷವೂ ಕಳಿಸುತ್ತಿದ್ದೆ.

ಆಮೇಲೆ ರೂಢಿಯಂತೆ ಬಾಗಿಲು ಹಾಕಿಕೊಂಡು ಹೊರಗೆ ಬಂದೆವು. ಹಿರಿಯರು ಬಂದು ಉಣ್ಣುವ ಹೊತ್ತು ಯಾರೂ ಒಳಗಿರಬಾರದು. ಅತ್ತೆ ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸುತ್ತ ಕೂತರು. ನಾನು ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತೆ. ಒಳಗಿನ ಕಿಟಕಿ ಮುಚ್ಚಿತ್ತು. ನಾವಿಬ್ಬರೂ ಅಲ್ಲಿಂದ ಏಳಲಿಲ್ಲ. ಹತ್ತು ನಿಮಿಷವಾದ ಮೇಲೆ ಅತ್ತೆ, "ಸಾಕು, ಉಂಡಿರ್ತಾನೆ" ಎಂದರು. ನಾನು ಎದ್ದು, ಅಮ್ಮ ಮಾಡುತ್ತಿದ್ದಂತೆ ಮೂರು ಸಲ ಕೆಮ್ಮಿ, ಬಾಗಿಲು ತೆರೆದೆ.

ಫೋಟೋ ಬಲಕ್ಕೆ ತಿರುಗಿ, ಕನ್ನಡಿಗೆ ಮುಖ ಮಾಡಿ ನಿಂತಿತ್ತು.

ಬಾಗಿಲಲ್ಲಿ ನಿಂತ ನನಗೆ ಕಟ್ಟಿನ ಪಕ್ಕದ ಅಂಚು ಮಾತ್ರ ಕಾಣುತ್ತಿತ್ತು. ಮೇಲಿಟ್ಟ ಸೇವಂತಿಗೆ ಬಿದ್ದಿರಲಿಲ್ಲ. ಲೋಟದ ಬ್ರಾಂದಿ ಕಂಠದಲ್ಲೇ ಇತ್ತು, ಎಲೆಯ ಮೇಲೆ ಒಂದು ಹನಿ ಇರಲಿಲ್ಲ. ಊದುಬತ್ತಿಯ ಬೂದಿ ಮುರಿಯದೆ ಹಾಗೇ ಬಾಗಿ ನಿಂತಿತ್ತು. ನನಗೆ ಹೆದರಿಕೆಯಾಯಿತೇ ಎಂದರೆ, ಆ ಕ್ಷಣಕ್ಕೆ ಇಲ್ಲ. ಯಾರೋ ಮಕ್ಕಳು ಬಂದು ತಿರುಗಿಸಿ ಹೋದರೇನೋ ಎಂಬಂಥ ಸಣ್ಣ ಕಿರಿಕಿರಿ. ಸರಿಮಾಡಲೆಂದು ಒಳಗೆ ಹೋಗಿ ಬಗ್ಗಿದೆ. ಬಗ್ಗಿದಾಗ ಕನ್ನಡಿಯಲ್ಲಿ ಅವನ ಮುಖ ಕಂಡಿತು.

ಗಾಯದ ಗೆರೆ ನನ್ನ ಬಲಕ್ಕಿತ್ತು. ನಾನು ತಡೆಯುವ ಮೊದಲೇ ನನ್ನ ಬಲಗೈ ಮೇಲೆದ್ದು ಕನ್ನಡಿಯಲ್ಲಿದ್ದ ಆ ಕೆನ್ನೆಯನ್ನು ಮುಟ್ಟಿತ್ತು.

ಕನ್ನಡಿ ಎಲ್ಲವನ್ನೂ ತಿರುವಿ ತೋರಿಸುತ್ತದೆ, ಅದರಲ್ಲೇನಿದೆ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಕಣ್ಣು ಕೆನ್ನೆಯಿಂದ ಕೆಳಗಿಳಿದು ಅವನ ಕೋಟಿನ ಮೇಲೆ ನಿಂತಿತು. ಹಾರವಿರಲಿಲ್ಲ. ಕೊರಳಿನಿಂದ ಕೆಳಗೆ ಐದು ಗುಂಡಿ. ಕನ್ನಡಿಯಲ್ಲಿ ಎಲ್ಲವೂ ಸರಿಯಾಗಿತ್ತು, ಎಡಭಾಗ ಬಲಭಾಗದ ಮೇಲೆ ಬಂದು, ಗಂಡಸರ ಕೋಟು ಹೇಗಿರಬೇಕೋ ಹಾಗೆ. ನಾನು ಫೋಟೋವನ್ನು ಕೈಗೆತ್ತಿಕೊಂಡು ನೇರ ನೋಡಿದೆ. ಅಲ್ಲಿ ಬಲಭಾಗ ಎಡದ ಮೇಲೆ ಬಂದಿತ್ತು. ಹೆಂಗಸರ ಬ್ಲೌಸಿನ ಹಾಗೆ.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದವರು ಸಿಸ್ಟರ್ ಬೆನೆಡಿಕ್ಟಾ. ಹುಡುಗನ ಅಂಗಿಗೆ ಗುಂಡಿ ಬಲಕ್ಕೆ, ಹುಡುಗಿಯ ಬ್ಲೌಸಿಗೆ ಎಡಕ್ಕೆ. ಇದನ್ನು ತಪ್ಪಿ ಹೊಲಿದದ್ದಕ್ಕೆ ನನ್ನ ಬೆರಳ ಗೆಣ್ಣಿನ ಮೇಲೆ ಮರದ ಸ್ಕೇಲಿನಲ್ಲಿ ಹೊಡೆದಿದ್ದರು. ಇವತ್ತಿಗೂ ಯಾರದೇ ಅಂಗಿ ನೋಡಿದರೂ ಮೊದಲು ನನ್ನ ಕಣ್ಣಿಗೆ ಬೀಳುವುದು ಅದೇ. ಈ ಕೋಟನ್ನು ಮಾತ್ರ, ಪಕ್ಷದ ದಿನದ ಅವಸರದಲ್ಲಿ ಗಾಜು ಒರೆಸುವಾಗ, ಒಮ್ಮೆಯೂ ಹಾಗೆ ನೋಡಿರಲಿಲ್ಲ. ಸೈನ್ಯದ ಅಧಿಕಾರಿಯೊಬ್ಬ ಹೆಂಗಸರ ಕೋಟು ಹಾಕಿಕೊಂಡು ಯುದ್ಧಕ್ಕೆ ಹೋಗುವುದಿಲ್ಲ. ಫೋಟೋ ಅಚ್ಚು ಹಾಕುವಾಗಲೇ ತಿರುವುಮುರುವಾಗಿತ್ತು. ಅವನ ಬಲಗೆನ್ನೆ ಎಂದು ನಾನು ಎರಡು ಸಲ ಸರಿನೋಡಿ ಹೇಳಿದ್ದು ಅವನ ಎಡಗೆನ್ನೆ.

ಫೋಟೋ ತಿರುಗಿತ್ತು ಎಂದು ಅತ್ತೆಗೆ ಕೂಗಿ ಹೇಳಿದೆ. ಅತ್ತೆ ಬಾಗಿಲಿಗೆ ಬಂದು, "ಏನಾಯ್ತೇ? ನೀನೇ ಹಂಗಿಟ್ಟಿರ್ತೀಯ, ಮರ್ತಿರ್ತೀಯ" ಎಂದರು. ನಾನು ಫೋನು ತೆಗೆದು ತೋರಿಸಿದೆ. ಬಾಗಿಲು ಹಾಕುವ ಮೊದಲು ತೆಗೆದ ಚಿತ್ರದಲ್ಲಿ ಅವನು ನೇರ ನಮ್ಮನ್ನೇ ನೋಡುತ್ತಿದ್ದ. ಅತ್ತೆ ಬೆಳ್ಳುಳ್ಳಿಯ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟರು. ಆ ದಿನವಿಡೀ ಅವರು ಯಾವ ತಮಾಷೆಯನ್ನೂ ಆಡಲಿಲ್ಲ.

ನಾನು ಅಲ್ಲೇ, ಎಲೆಯ ಮುಂದೆಯೇ ಕೂತು ಡೀಟರ್‌ಗೆ ಫೋನು ಮಾಡಿದೆ. ಗುಂಡಿಯ ವಿಷಯ ಹೇಳಿದೆ. ಅವರು, ಯುದ್ಧದ ಬಯಲಲ್ಲಿ ಸೈನಿಕರೇ ಕತ್ತಲೆಯಲ್ಲಿ ಅಚ್ಚು ಹಾಕುತ್ತಿದ್ದರು, ಫಿಲ್ಮನ್ನು ಮಗುಚಿ ಇಟ್ಟುಬಿಡುವುದು ಆಗುತ್ತಿತ್ತು ಎಂದರು. ಎದೆಯ ಮೇಲೆ ಪದಕವೋ ಸೊಂಟದಲ್ಲಿ ಕತ್ತಿಯೋ ಇದ್ದಿದ್ದರೆ ತಮಗೇ ತಿಳಿಯುತ್ತಿತ್ತು, ಗುಂಡಿ ಕಂಡಿದ್ದರೂ ತಿಳಿಯುತ್ತಿತ್ತು ಎಂದರು. "ಹಾರ ಇತ್ತಲ್ಲ" ಎಂದರು ಮೆಲ್ಲಗೆ. ದೂರಿದ ದನಿಯಲ್ಲ ಅದು.

"ಈಗಲೇ ಹಿಲ್ಡಾ ಅವರಿಗೆ ಹೇಳೋಣ. ನಾನೇ ಬರುತ್ತೇನೆ. ಎಲ್ಲವನ್ನೂ ಹೇಳುತ್ತೇನೆ" ಎಂದೆ. ಎಲ್ಲವನ್ನೂ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಹಿಲ್ಡಾ ಆಗಸ್ಟಿನಲ್ಲೇ ತೀರಿಕೊಂಡಿದ್ದರು. ನಿದ್ದೆಯಲ್ಲೇ ಹೋದರಂತೆ. ಡೀಟರ್ ನನಗೆ ತಿಳಿಸಿರಲಿಲ್ಲ. ಫೋಟೋ ಅವರ ಅಜ್ಜನದ್ದಲ್ಲ ಎಂದಾದ ಮೇಲೆ ನನಗೆ ಅವರಿಗೆ ಸಂಬಂಧವಾದರೂ ಏನು? ಕೊನೆಯ ದಿನಗಳಲ್ಲಿ ಏನಾದರೂ ಹೇಳಿದರೇ ಎಂದು ಕೇಳಿದೆ. ಹೆಚ್ಚೇನೂ ಇಲ್ಲ, ಭಾರತದ ಆ ಹೆಂಗಸು ಸುಳ್ಳು ಹೇಳದೆ ಇದ್ದದ್ದು ಒಳ್ಳೆಯದಾಯಿತು ಎನ್ನುತ್ತಿದ್ದರು ಎಂದರು. ನನಗೆ ಯಾರೂ ಅದುವರೆಗೆ ಅಷ್ಟು ಕೆಟ್ಟ ಮಾತು ಹೇಳಿರಲಿಲ್ಲ.

ಸಂಜೆ ಯಜಮಾನರು ಬಂದು ಎಲ್ಲ ಕೇಳಿ, ಮೊದಲು ಮಾಡಿದ ಕೆಲಸವೆಂದರೆ ಫೋನಿನಲ್ಲಿ ಭೂಕಂಪ ಹುಡುಕಿದ್ದು. ನಮ್ಮ ಕಡೆ ಸಣ್ಣಪುಟ್ಟವು ಆಗುತ್ತಲೇ ಇರುತ್ತವೆ. ಅಂದು ಬೆಳಗಿನ ಜಾವ ಒಂದು ಆಗಿತ್ತು. ಆದರೆ ಎಡೆ ಇಟ್ಟದ್ದು ಮಧ್ಯಾಹ್ನ. ಆಗ ಏನೂ ಆಗಿರಲಿಲ್ಲ. ಅವರು ಫೋಟೋವನ್ನು ಮಣೆಯ ಮೇಲಿಟ್ಟು, ಮಣೆಯನ್ನು ಕುಲುಕಿ ನೋಡಿದರು, ಬಾಗಿಲನ್ನು ಜೋರಾಗಿ ಹಾಕಿ ನೋಡಿದರು. ಫೋಟೋ ಒಮ್ಮೆ ಮುಗ್ಗರಿಸಿ ಬಿತ್ತೇ ಹೊರತು ತಿರುಗಲಿಲ್ಲ. "ಏನೋ ಇರತ್ತೆ ಬಿಡು, ಎಕ್ಸ್‌ಪ್ಲನೇಷನ್ನು" ಎಂದು ಕೈತೊಳೆಯಲು ಹೋದರು. ಇದ್ದರೆ ಇರಲಿ. ನಾನು ಬೇಡವೆನ್ನುವುದಿಲ್ಲ.

ಆಮೇಲೆ ಆ ಫೋಟೋಕ್ಕೆ ಹಾರ ಹಾಕಲಿಲ್ಲ. ಪ್ರತಿ ಪಕ್ಷಕ್ಕೂ ಅದೇ ರೂಮಿನಲ್ಲಿ, ಅದೇ ಮಣೆಯ ಮೇಲೆ, ಬಾಗಿಲಿಗೆ ಮುಖ ಮಾಡಿ ಇಡುತ್ತೇನೆ. ಪಕ್ಕದಲ್ಲಿ ಈಗ ಹಿಲ್ಡಾ ಅವರಿಗೂ ಒಂದು ಎಲೆ ಇರುತ್ತದೆ. ಅದರಲ್ಲಿ ಒಂದು ಲೋಟ ಕಾಫಿ, ದಪ್ಪಗೆ ಕುಯ್ದ ಕಪ್ಪು ಬ್ರೆಡ್ಡು. ಅವರಿಗೆ ಏನು ಇಷ್ಟವೆಂದು ನನಗೆ ಅಷ್ಟೇ ಗೊತ್ತು, ಕಾಫಿ ಇಷ್ಟವೋ ಇಲ್ಲವೋ ಅದೂ ಗೊತ್ತಿಲ್ಲ. ಬಾಗಿಲು ಹಾಕುವ ಮೊದಲು, ಜುಲೈನಲ್ಲಿ ಹೇಳದೆ ಬಂದ ಮಾತನ್ನು ಆ ಎಲೆಗೆ ಹೇಳುತ್ತೇನೆ: ಕೊಂದವರು ನಮ್ಮವರು, ಕಾರ್ಡು ಕಳಿಸದೆ ಇಟ್ಟುಕೊಂಡವರೂ ನಮ್ಮವರು, ಕೆನ್ನೆ ಯಾವುದೆಂದು ತಪ್ಪು ಹೇಳಿದವಳು ನಾನು. ಹೊರಗೆ ಬಂದು ಹತ್ತು ನಿಮಿಷ ಕೂರುತ್ತೇನೆ. ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತೇನೆ.

ಅವನು ನಾನು ಇಟ್ಟ ಹಾಗೆಯೇ ಇರುತ್ತಾನೆ. ಮತ್ತೆ ಒಮ್ಮೆಯೂ ತಿರುಗಿಲ್ಲ. ಅವನನ್ನು ಯಾರು ತಿರುಗಿಸಿದರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ನನ್ನನ್ನು ಎಬ್ಬಿಸಿ ಕೂರಿಸುವ ಪ್ರಶ್ನೆ ಬೇರೆ. ತಿರುಗುವ ಶಕ್ತಿ ಅವನಿಗಿತ್ತು ಎನ್ನುವುದಾದರೆ, ಮೊಮ್ಮಗಳ ತೊಡೆಯ ಮೇಲೆ ಅಷ್ಟು ಹೊತ್ತು ಇದ್ದನಲ್ಲ, ಆಗ ಯಾಕೆ ಸುಮ್ಮನಿದ್ದ?